ಅಡಗಲು ಹುಟ್ಟಿದ ಜೀಪಿಗೆ ಎದ್ದು ಕಾಣುವ ದೀಪ

ಇಂದಿನ ಯಾವುದೇ ಕಾರಿನ ಡ್ಯಾಶ್‌ಬೋರ್ಡನ್ನು ಗಮನಿಸಿದರೂ ಕೆಂಪು ತ್ರಿಕೋನದ ಗುರುತುಳ್ಳ ಒಂದು ಗುಂಡಿ ಕಣ್ಣಿಗೆ ಬೀಳುತ್ತದೆ. ಅದನ್ನು ಒತ್ತಿದರೆ ಮುಂದಿನ ಎರಡು, ಹಿಂದಿನ ಎರಡು, ಹೀಗೆ ನಾಲ್ಕೂ ಇಂಡಿಕೇಟರ್ ದೀಪಗಳು ಒಟ್ಟಿಗೆ ಮಿನುಗತೊಡಗುತ್ತವೆ. ಇವುಗಳ ಹೆಸರು ಹಜಾರ್ಡ್ ಲೈಟ್, ಅಂದರೆ ಅಪಾಯ ಸೂಚಕ ದೀಪ. ನಮ್ಮ ಅನೇಕ ಚಾಲಕರ ಬಾಯಲ್ಲಿ ಇದು ‘ಪಾರ್ಕಿಂಗ್ ಲೈಟ್’ ಆಗಿದೆ. ‘ಈ ವಾಹನ ರಸ್ತೆಯಲ್ಲೇ ನಿಂತುಬಿಟ್ಟಿದೆ, ಹುಷಾರಾಗಿ ಬನ್ನಿ’ ಎಂದು ಹಿಂದೆ ಮುಂದೆ ಬರುವವರಿಗೆ ಹೇಳುವುದಷ್ಟೇ ಅದರ ಕೆಲಸ.

ಆದರೆ ಮಲೆನಾಡಿನ ಎಸ್ಟೇಟುಗಳಲ್ಲಿ, ಕೊಡಗಿನ ಬೆಟ್ಟದ ದಾರಿಗಳಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಕಾಣುವ ಹಳೆಯ ಜೀಪುಗಳಲ್ಲಿ ಈ ಗುಂಡಿಯನ್ನು ಹುಡುಕಿದರೆ ಸಿಗುವುದಿಲ್ಲ. ಇನ್ನೂ ಹಳೆಯ ಜೀಪಾದರೆ ನಾಲ್ಕು ಇಂಡಿಕೇಟರುಗಳೂ ಇರುವುದಿಲ್ಲ. ಮಳೆಗಾಲದ ರಾತ್ರಿ ಚಾರ್ಮಾಡಿ ಘಾಟಿಯ ತಿರುವೊಂದರಲ್ಲಿ ಮಂಜು ಕವಿದಿರುವಾಗ ಅಂಥ ಜೀಪು ಕೆಟ್ಟು ನಿಂತಿತೆನ್ನಿ. ಮಾಸಲು ಹಸಿರು ಬಣ್ಣದ, ತಗ್ಗಾದ ಆ ಗಾಡಿ ಹಿಂದಿನಿಂದ ಬರುವ ಬಸ್ಸಿನ ಚಾಲಕನಿಗೆ ಕಾಣಿಸುವುದು ತೀರ ಹತ್ತಿರಕ್ಕೆ ಬಂದ ಮೇಲೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಕಣ್ಣು ಕಂಡದ್ದನ್ನು ಮನಸ್ಸು ಗ್ರಹಿಸಿ ಕಾಲು ಬ್ರೇಕಿನ ಮೇಲೆ ಹೋಗುವ ವೇಳೆಗೆ ಎರಡು ಸೆಕೆಂಡು ಕಳೆದರೂ 34 ಮೀಟರ್ ದಾರಿ ಹಿಂದೆ ಸರಿದಿರುತ್ತದೆ. ಜೀವ ಉಳಿಯುವುದೂ ಹೋಗುವುದೂ ಈ ಅಂತರದಲ್ಲಿಯೇ.

ಹಾಗಾದರೆ ಇಷ್ಟು ಗಟ್ಟಿಮುಟ್ಟಾದ, ಎಲ್ಲಿಗೆ ಬೇಕಾದರೂ ನುಗ್ಗಬಲ್ಲ ವಾಹನಕ್ಕೆ ಇಷ್ಟು ಸರಳವಾದ ದೀಪವನ್ನು ಅದರ ತಯಾರಕರು ಏಕೆ ಇಡಲಿಲ್ಲ? ಉತ್ತರ ಜೀಪಿನ ಹುಟ್ಟಿನಲ್ಲೇ ಇದೆ. ಅದನ್ನು ರೂಪಿಸಿದವರ ಮನಸ್ಸಿನಲ್ಲಿದ್ದ ದೊಡ್ಡ ಭಯ, ಅದು ಯಾರ ಕಣ್ಣಿಗಾದರೂ ಬಿದ್ದೀತು ಎಂಬುದೇ ಆಗಿತ್ತು.

ಶತ್ರುವಿನ ಕಣ್ಣು ತಪ್ಪಿಸಿ

ಎರಡನೆಯ ಮಹಾಯುದ್ಧ ಯೂರೋಪನ್ನು ಆವರಿಸಿದ್ದ 1940ರಲ್ಲಿ ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುವ ಪುಟ್ಟ ವಾಹನವೊಂದು ಬೇಕೆಂದು ತಯಾರಕರನ್ನು ಕೇಳಿತು. ಮೊದಲ ಮಾದರಿಯನ್ನು ಒಪ್ಪಿಸಲು ಕೊಟ್ಟ ಗಡುವು ಬರೀ 49 ದಿನ. ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ ಅಮೆರಿಕನ್ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನ ನೆರವಿನಿಂದ ಈ ಸವಾಲನ್ನು ಗೆದ್ದು ಸೆಪ್ಟೆಂಬರ್ 23ರಂದು ವಾಹನವನ್ನು ಸೇನೆಗೆ ಒಪ್ಪಿಸಿತು. ಆದರೆ ದೊಡ್ಡ ಪ್ರಮಾಣದ ತಯಾರಿಕೆಯ ಹೊಣೆ ಸಿಕ್ಕಿದ್ದು ಒಹಾಯೋ ರಾಜ್ಯದ ಟೊಲೆಡೊ ನಗರದ ವಿಲ್ಲಿಸ್-ಓವರ್‌ಲ್ಯಾಂಡ್‌ಗೆ, ಅದರ ಜೊತೆಗೆ ಫೋರ್ಡ್ ಕಂಪನಿಗೆ. ಯುದ್ಧ ಮುಗಿಯುವ ವೇಳೆಗೆ ಇವೆರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದ್ದವು.

ಈ ಯುದ್ಧದ ಜೀಪಿನ ದೀಪಗಳನ್ನು ನೋಡಿದರೆ ಅದರ ಉದ್ದೇಶ ತಾನಾಗಿಯೇ ತಿಳಿಯುತ್ತದೆ. ಮುಂದಿನ ದೊಡ್ಡ ದೀಪಗಳು ಕಬ್ಬಿಣದ ಜಾಲರಿಯ ಹಿಂದೆ ಒಳಸರಿದು ಕುಳಿತಿವೆ. ತಿರುಪೊಂದನ್ನು ಸಡಿಲಿಸಿದರೆ ಅವು ಕೀಲಿನ ಮೇಲೆ ಹಿಂದಕ್ಕೆ ಮಗುಚಿ ಎಂಜಿನ್ನಿನ ಮೇಲೆ ಬೆಳಕು ಚೆಲ್ಲುತ್ತವೆ. ಕತ್ತಲಲ್ಲಿ ರಿಪೇರಿ ಮಾಡುವವನಿಗೆ ಇದರಿಂದ ಬೇರೆ ದೀಪ ಬೇಕಾಗುವುದಿಲ್ಲ. ಇವುಗಳ ಜೊತೆಗೆ ‘ಬ್ಲ್ಯಾಕೌಟ್’ ದೀಪಗಳೆಂಬ ಸಣ್ಣ ದೀಪಗಳ ಇನ್ನೊಂದು ತಂಡವೇ ಇದೆ. ಇವುಗಳ ಗಾಜನ್ನು ಮುಚ್ಚಿ, ಬರೀ ಕಿರುಗಂಡಿಗಳ ಮೂಲಕ ಮಂದವಾದ ಬೆಳಕು ಹೊರಬರುವಂತೆ ಮಾಡಲಾಗಿತ್ತು. ಆಕಾಶದಲ್ಲಿ ಹಾರುವ ವೈರಿ ವಿಮಾನಕ್ಕೆ ಆ ಬೆಳಕು ಕಾಣದು.

ಹಿಂಭಾಗದ ಬ್ಲ್ಯಾಕೌಟ್ ದೀಪಗಳ ಹಿಂದಿನ ಜಾಣತನ ಇನ್ನೂ ಸ್ವಾರಸ್ಯಕರ. ಸಾಲಾಗಿ ಸಾಗುವ ಸೇನಾ ವಾಹನಗಳಲ್ಲಿ ಹಿಂದಿನವನಿಗೆ ಮುಂದಿನ ವಾಹನದ ಅಂತರ ತಿಳಿಯಲೇಬೇಕಷ್ಟೆ. ಅದಕ್ಕಾಗಿ ಆ ದೀಪಗಳ ಕಿಂಡಿಗಳನ್ನು ಜೋಡಿಜೋಡಿಯಾಗಿ ಇಡಲಾಯಿತು. ತೀರ ಹತ್ತಿರದಲ್ಲಿದ್ದರೆ ನಾಲ್ಕು ಚುಕ್ಕೆಗಳು ಬೇರೆಬೇರೆಯಾಗಿ ಕಾಣುತ್ತವೆ. ತುಸು ದೂರವಾದರೆ ಅವು ಕೂಡಿಕೊಂಡು ಎರಡಾಗುತ್ತವೆ. ಇನ್ನೂ ಹಿಂದೆ ಬಿದ್ದರೆ ಒಂದೇ ಚುಕ್ಕೆ. ಎರಡು ಚುಕ್ಕೆ ಕಾಣುತ್ತಿದ್ದರೆ ಸರಿಯಾದ ಅಂತರದಲ್ಲಿದ್ದೇನೆ ಎಂದು ಚಾಲಕ ತಿಳಿಯಬೇಕು. ಮಾತಿಲ್ಲದೆ, ಅಳತೆಪಟ್ಟಿಯಿಲ್ಲದೆ ದೂರವನ್ನು ಹೇಳುವ ಈ ದೀಪ, ಗುಂಪಿನವರಿಗೆ ಕಂಡು ಹೊರಗಿನವರಿಗೆ ಕಾಣದಂತೆ ಇರಬೇಕಿತ್ತು.

ದೀಪದ ಸ್ವಿಚ್ಚಿನಲ್ಲಿಯೂ ಇದೇ ಎಚ್ಚರ. ಅದನ್ನು ಎಳೆದರೆ ಮೊದಲು ಬರುವುದು ಬ್ಲ್ಯಾಕೌಟ್ ದೀಪಗಳು. ಪೂರ್ಣ ಬೆಳಕು ಬೇಕೆಂದರೆ ಬೇರೊಂದು ತಡೆಗುಂಡಿಯನ್ನು ಒತ್ತಿ ಮತ್ತೆ ಎಳೆಯಬೇಕು. ಕತ್ತಲಲ್ಲಿ ಯಾರೋ ಕೈತಪ್ಪಿ ದೊಡ್ಡ ದೀಪ ಹೊತ್ತಿಸಿ ಇಡೀ ತುಕಡಿಯ ಪ್ರಾಣಕ್ಕೆ ಸಂಚಕಾರ ತರಬಾರದೆಂದು ಈ ಏರ್ಪಾಡು. ಹೀಗೆ ಅಡಗುವುದನ್ನೇ ಧರ್ಮವಾಗಿಸಿಕೊಂಡ ವಾಹನಕ್ಕೆ, ‘ನಾನಿಲ್ಲಿದ್ದೇನೆ, ನೋಡಿ’ ಎಂದು ಕೂಗುವ ದೀಪ ಯಾರಿಗೂ ಹೊಳೆಯದಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ.

ರಣರಂಗದಿಂದ ಹೊಲಕ್ಕೆ

ಯುದ್ಧ ಮುಗಿದ 1945ರಲ್ಲಿಯೇ ವಿಲ್ಲಿಸ್ ಕಂಪನಿ ರೈತರಿಗಾಗಿ ‘ಸಿಜೆ-2ಎ’ ಎಂಬ ಜೀಪನ್ನು ಮಾರುಕಟ್ಟೆಗೆ ಬಿಟ್ಟಿತು. ಸಿಜೆ ಎಂದರೆ ಸಿವಿಲಿಯನ್ ಜೀಪ್, ನಾಗರಿಕರ ಜೀಪು. ಜಾಲರಿಯ ಹಿಂದೆ ಅವಿತಿದ್ದ ಮುಂದಿನ ದೀಪಗಳು ಈಗ ದೊಡ್ಡದಾಗಿ ಹೊರಬಂದವು. ಬ್ಲ್ಯಾಕೌಟ್ ದೀಪಗಳು ಮಾಯವಾದವು. ಆದರೆ ಹಿಂಭಾಗದಲ್ಲಿ ಮಾತ್ರ ಕಂಪನಿ ಕೈ ಬಿಗಿಹಿಡಿಯಿತು. ಮೊದಮೊದಲ ಜೀಪುಗಳಿಗೆ ಎಡಗಡೆ ಒಂದೇ ಒಂದು ಹಿಂದೀಪ. ಬಲಗಡೆ ಬೆಳಕನ್ನು ಪ್ರತಿಫಲಿಸುವ ಒಂದು ಕೆಂಪು ಬಿಲ್ಲೆ. ಇಂಡಿಕೇಟರ್ ಬೇಕೆಂದವರು ಬೇರೆಯಾಗಿ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕಿತ್ತು. ಉಳುವುದು, ಗರಗಸ ತಿರುಗಿಸುವುದು, ಹುಲ್ಲು ಸಾಗಿಸುವುದು ಮುಂತಾದ ಹಗಲಿನ ಕೆಲಸಗಳಿಗಾಗಿ ಕೊಳ್ಳುವ ಗಾಡಿಗೆ ಇಷ್ಟು ಸಾಕೆಂದು ಆಗಿನವರಿಗೆ ಅನ್ನಿಸಿದ್ದು ಸಹಜ.

ಭಾರತಕ್ಕೆ ಜೀಪು ಎರಡು ದಾರಿಗಳಲ್ಲಿ ಬಂತು. ಯುದ್ಧಕಾಲದಲ್ಲಿ ಇಲ್ಲಿಗೆ ಬಂದ ಅಮೆರಿಕನ್ ಜೀಪುಗಳು ಯುದ್ಧಾನಂತರ ‘ಡಿಸ್ಪೋಸಲ್’ ಮಾಲಿನ ಹೆಸರಿನಲ್ಲಿ ಮಾರಾಟವಾದವು. ಅದರ ಬೆನ್ನಲ್ಲೇ, 1940ರ ದಶಕದ ಕೊನೆಯಲ್ಲಿ, ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ಜೋಡಿಸತೊಡಗಿತು. ಮುಂದೆ ಎತ್ತರದ ಬಾನೆಟ್ಟಿನ ‘ಸಿಜೆ-3ಬಿ’ ಮಾದರಿಯನ್ನು ಇಲ್ಲಿಯೇ ತಯಾರಿಸಿತು. ಅಮೆರಿಕದಲ್ಲಿ ಈ ಮಾದರಿ 1953ರಲ್ಲಿ ಹುಟ್ಟಿ 1968ಕ್ಕೆ ನಿಂತುಹೋದರೂ ಭಾರತದಲ್ಲಿ ಅದರ ಆಯುಷ್ಯ ಬಹಳ ಕಾಲ ಮುಂದುವರಿಯಿತು.

ಕರ್ನಾಟಕದ ಹಳ್ಳಿಗಳಿಗೆ ಜೀಪು ಪರಿಚಯವಾದದ್ದು ಸರ್ಕಾರದ ವಾಹನವಾಗಿ. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯ ಕಾಲದಿಂದ ಬಿ.ಡಿ.ಒ. ಸಾಹೇಬರ ಜೀಪು ಊರಿಗೆ ಬಂತೆಂದರೆ ಮಕ್ಕಳೆಲ್ಲ ಅದರ ಹಿಂದೆ ಓಡುವುದು ರೂಢಿಯಾಯಿತು. ಪೊಲೀಸರು, ಅರಣ್ಯ ಇಲಾಖೆಯವರು, ಕಾಫಿ ತೋಟದ ಮಾಲೀಕರು, ಚುನಾವಣೆಯ ಅಭ್ಯರ್ಥಿಗಳು ಎಲ್ಲರಿಗೂ ಜೀಪು ಬೇಕು. ಡಾಂಬರು ಕಾಣದ ದಾರಿಯಲ್ಲಿ ದಿನಕ್ಕೆ ನಾಲ್ಕು ಗಾಡಿಗಳೂ ಓಡಾಡದ ಕಾಲವದು. ಹಿಂದಿನಿಂದ ಬಂದು ಗುದ್ದುವವರು ಯಾರಿದ್ದರು?

ಕೈಸನ್ನೆಯ ಕಾಲ

ಇಂಡಿಕೇಟರ್ ಇಲ್ಲದ ಕಾಲದಲ್ಲಿ ಚಾಲಕರು ಕೈಯಿಂದಲೇ ಮಾತಾಡುತ್ತಿದ್ದರು. ಬಲಕ್ಕೆ ತಿರುಗುವವರು ಬಲಗೈಯನ್ನು ನೀಳವಾಗಿ ಹೊರಚಾಚಬೇಕು. ನಿಧಾನಿಸುವವರು ಅಂಗೈ ಕೆಳಗೆ ಮಾಡಿ ಕೈಯನ್ನು ಮೇಲೆ ಕೆಳಗೆ ಆಡಿಸಬೇಕು. ಡ್ರೈವಿಂಗ್ ಲೈಸೆನ್ಸ್ ಪರೀಕ್ಷೆಗೆ ಹೋದವರೆಲ್ಲ ಇವನ್ನು ಬಾಯಿಪಾಠ ಮಾಡಿದವರೇ. 1989ರ ರಸ್ತೆ ನಿಯಮಗಳಲ್ಲಿಯೂ ಈ ಕೈಸನ್ನೆಗಳಿಗೆ ಸ್ಥಾನವಿತ್ತು. ಬಾಗಿಲು, ಗಾಜುಗಳ ಅಡ್ಡಿಯಿಲ್ಲದ ಜೀಪಿನಲ್ಲಿ ಕೈ ಚಾಚುವುದು ಸುಲಭವೂ ಆಗಿತ್ತು. ಒಂದೇ ತೊಡಕು ‘ಡಿಸ್ಪೋಸಲ್’ ಜೀಪುಗಳದ್ದು. ಅವುಗಳ ಸ್ಟೀರಿಂಗ್ ಚಕ್ರ ಎಡಗಡೆ. ರಸ್ತೆಯ ಎಡಬದಿಯಲ್ಲಿ ಸಾಗುವ ನಮ್ಮ ದೇಶದಲ್ಲಿ ಅಂಥ ಜೀಪಿನ ಚಾಲಕ ಕೈ ಚಾಚಿದರೆ ಅದು ಕಾಣುವುದು ದಾರಿಬದಿಯ ಚರಂಡಿಗೆ! ‘ಲೆಫ್ಟ್ ಹ್ಯಾಂಡ್ ಡ್ರೈವ್’ ಎಂದು ವಾಹನದ ಬೆನ್ನ ಮೇಲೆ ಬರೆಸುವ ರೂಢಿ ಬಂದದ್ದು ಈ ಕಾರಣಕ್ಕೆ.

ಕೈಯ ಕೆಲಸವನ್ನು ಯಂತ್ರಕ್ಕೆ ವಹಿಸುವ ಯತ್ನಗಳು ಹಿಂದೆಯೇ ಆರಂಭವಾಗಿದ್ದವು. ಮೂಕಿ ಚಿತ್ರಗಳ ಖ್ಯಾತ ನಟಿ ಫ್ಲಾರೆನ್ಸ್ ಲಾರೆನ್ಸ್ 1914ರ ಸುಮಾರಿಗೆ ಗುಂಡಿ ಒತ್ತಿದರೆ ಏಳುವ ಸನ್ನೆಯ ತೋಳೊಂದನ್ನು ತನ್ನ ಕಾರಿಗಾಗಿ ರೂಪಿಸಿದ್ದಳೆಂದು ಹೇಳುತ್ತಾರೆ. ಬ್ರಿಟನ್ನಿನ ಕಾರುಗಳಲ್ಲಿ 1930ರ ದಶಕದಿಂದ ‘ಟ್ರಾಫಿಕೇಟರ್’ ಎಂಬ ಸಾಧನ ಬಳಕೆಗೆ ಬಂತು. ರೈಲ್ವೆ ಕೈಮರದಂತೆ ಬಾಗಿಲ ಕಂಬದಿಂದ ಸರಕ್ಕನೆ ಹೊರಚಾಚುವ ದೀಪವುಳ್ಳ ಪುಟ್ಟ ತೋಳು ಅದು. ಹಳೆಯ ಮಾರಿಸ್ ಮೈನರ್ ಕಾರುಗಳನ್ನು ಕಂಡವರಿಗೆ ಅದರ ನೆನಪಿರಬಹುದು. ಮಿನುಗುವ ದೀಪವನ್ನು ಕಾರ್ಖಾನೆಯಲ್ಲಿಯೇ ಅಳವಡಿಸಿ ಜನಪ್ರಿಯಗೊಳಿಸಿದ ಕೀರ್ತಿ ಅಮೆರಿಕದ ಬ್ಯೂಯಿಕ್ ಕಾರಿಗೆ ಸಲ್ಲುತ್ತದೆ. ಅದು 1939ರ ಮಾದರಿಯಲ್ಲಿ ಬಂತು.

ಆದರೆ ಕೈಸನ್ನೆಯಾಗಲಿ, ಟ್ರಾಫಿಕೇಟರ್ ಆಗಲಿ, ಇಂಡಿಕೇಟರ್ ಆಗಲಿ ಎಲ್ಲವೂ ಚಲಿಸುವ ವಾಹನದ ಭಾಷೆ. ಕೆಟ್ಟು ನಿಂತ ವಾಹನಕ್ಕೆ ಭಾಷೆಯೇ ಇರಲಿಲ್ಲ. ಚಾಲಕ ಮೆಕ್ಯಾನಿಕ್ಕನನ್ನು ಹುಡುಕಿಕೊಂಡು ಹೋಗಿದ್ದರೆ ಕೈ ಬೀಸಲು ಅಲ್ಲಿ ಯಾರೂ ಇಲ್ಲ. ನಮ್ಮಲ್ಲಿ ಇದಕ್ಕೆ ಕಂಡುಕೊಂಡ ಉಪಾಯ ಎಲ್ಲರಿಗೂ ಗೊತ್ತು. ದಾರಿಬದಿಯ ಮರದಿಂದ ಸೊಪ್ಪಿನ ಕೊಂಬೆ ಮುರಿದು ಗಾಡಿಯ ಹಿಂದೆ ಸಿಕ್ಕಿಸುವುದು, ರಸ್ತೆಯ ಮೇಲೆ ಕಲ್ಲುಗಳ ಸಾಲು ಇಡುವುದು. ಹಸಿರು ಸೊಪ್ಪು ಹಗಲಿನಲ್ಲಿ ಸರಿ. ಇರುಳಿನಲ್ಲಿ ಅದು ಕತ್ತಲಲ್ಲಿ ಕತ್ತಲಾಗುತ್ತದೆ. ಕಲ್ಲುಗಳಂತೂ ಲಾರಿ ರಿಪೇರಿಯಾಗಿ ಹೊರಟುಹೋದ ಮೇಲೂ ಅಲ್ಲಿಯೇ ಉಳಿದು ದ್ವಿಚಕ್ರ ವಾಹನದವರಿಗೆ ಹೊಸ ಅಪಾಯ ಒಡ್ಡುತ್ತವೆ. ಅಮೆರಿಕದ ಲಾರಿಯವರು ಬೆಂಕಿ ಹತ್ತಿಸಿಡುವ ಎಣ್ಣೆಯ ಬುರುಡೆಗಳನ್ನೂ ಕೆಂಪು ಲಾಂದ್ರಗಳನ್ನೂ ಜೊತೆಯಲ್ಲಿ ಒಯ್ಯಬೇಕಿತ್ತು. ಪೆಟ್ರೋಲ್ ಸೋರುವ ವಾಹನದ ಬಳಿ ಉರಿಯುವ ಬತ್ತಿ ಎಷ್ಟು ಕ್ಷೇಮವೆಂಬುದನ್ನು ವಿವರಿಸಬೇಕಾಗಿಲ್ಲ.

ನಾಲ್ಕೂ ಒಟ್ಟಿಗೆ ಮಿನುಗಿದಾಗ

ಎರಡು ಎಡದ, ಎರಡು ಬಲದ ಇಂಡಿಕೇಟರುಗಳು ವಾಹನದ ನಾಲ್ಕು ಮೂಲೆಗಳಲ್ಲಿ ಹೇಗೂ ಇವೆ. ಅವನ್ನೇ ಒಟ್ಟಿಗೆ ಮಿನುಗಿಸಿದರೆ ನಿಂತ ವಾಹನಕ್ಕೂ ಭಾಷೆ ಬರುತ್ತದಲ್ಲ ಎಂಬ ಯೋಚನೆ ಕೈಗೂಡಿದ್ದು ಹೀಗೆ. ಹೊಸ ದೀಪ ಬೇಡ, ಹೊಸ ಸ್ವಿಚ್ಚು ಸಾಕು. ಒಂದೇ ಬದಿ ಮಿನುಗಿದರೆ ‘ತಿರುಗುತ್ತೇನೆ’, ಎರಡೂ ಬದಿ ಮಿನುಗಿದರೆ ‘ಅಪಾಯ’. 1960ರ ದಶಕದಲ್ಲಿ ಇದು ಅಮೆರಿಕದ ಕಾರುಗಳಲ್ಲಿ ಹರಡತೊಡಗಿತು.

ಅದೇ ಹೊತ್ತಿಗೆ ವಾಹನಗಳ ಸುರಕ್ಷತೆ ದೊಡ್ಡ ಸಾರ್ವಜನಿಕ ಪ್ರಶ್ನೆಯಾಗಿ ಎದ್ದಿತು. ವಕೀಲ ರಾಲ್ಫ್ ನೇಡರ್ 1965ರಲ್ಲಿ ಪ್ರಕಟಿಸಿದ ಪುಸ್ತಕವೊಂದು ಕಾರು ತಯಾರಕರು ಜನರ ಪ್ರಾಣವನ್ನು ಲಘುವಾಗಿ ಕಾಣುತ್ತಿದ್ದಾರೆಂದು ಆರೋಪಿಸಿ ಸಂಚಲನ ಉಂಟುಮಾಡಿತು. ಮರುವರ್ಷ ಅಧ್ಯಕ್ಷ ಲಿಂಡನ್ ಜಾನ್ಸನ್ ರಾಷ್ಟ್ರೀಯ ಸಂಚಾರ ಮತ್ತು ಮೋಟಾರು ವಾಹನ ಸುರಕ್ಷಾ ಕಾನೂನಿಗೆ ಸಹಿ ಹಾಕಿದರು. ಅದರಡಿಯ ಮೊದಲ ಸುರಕ್ಷಾ ಮಾನದಂಡಗಳು 1968ರ ಜನವರಿ 1ರಿಂದ ಜಾರಿಗೆ ಬಂದವು. ದೀಪಗಳಿಗೆ ಸಂಬಂಧಿಸಿದ 108ನೆಯ ಮಾನದಂಡ ಮರುವರ್ಷ ಸಾಮಾನ್ಯ ಕಾರುಗಳಿಗೂ ವಿಸ್ತರಿಸಿತು. ಅಪಾಯ ಸೂಚಕ ದೀಪದ ವ್ಯವಸ್ಥೆ ಅದರಲ್ಲಿ ಕಡ್ಡಾಯವಾಗಿತ್ತು. ಸೇನೆಯೂ ಈ ಬದಲಾವಣೆಯಿಂದ ಹೊರಗುಳಿಯಲಿಲ್ಲ. ಹಳೆಯ ಜೀಪಿನ ಉತ್ತರಾಧಿಕಾರಿಯಾದ ‘ಎಂ-151’ ವಾಹನದ ಎ-2 ಮಾದರಿಯ ಮಡ್‌ಗಾರ್ಡುಗಳ ಮೇಲೆ ದೊಡ್ಡ ಇಂಡಿಕೇಟರ್ ದೀಪಗಳು ಬಂದು ಕುಳಿತವು. ಶಾಂತಿಕಾಲದಲ್ಲಿ ಸೈನಿಕರೂ ಸಾರ್ವಜನಿಕರ ರಸ್ತೆಯಲ್ಲಿಯೇ ಓಡಾಡಬೇಕು ತಾನೆ.

ಬ್ರಿಟನ್ನಿನಲ್ಲಿ 1986ರ ಏಪ್ರಿಲ್ 1ರ ನಂತರ ರಸ್ತೆಗಿಳಿದ ವಾಹನಗಳಿಗೆ ಈ ವ್ಯವಸ್ಥೆ ಕಡ್ಡಾಯ. ಅದಕ್ಕೂ ಹಿಂದಿನವುಗಳಿಗೆ ವಿನಾಯಿತಿ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯಡಿ ರೂಪಿಸಿದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 102ನೆಯ ನಿಯಮ ಇದನ್ನು ಹೇಳುತ್ತದೆ. ವಾಹನ ಚಲಿಸಲಾರದ ಸ್ಥಿತಿಯಲ್ಲಿ ನಿಂತಾಗ ಎಲ್ಲ ದಿಕ್ಸೂಚಕ ದೀಪಗಳೂ ಒಟ್ಟಿಗೆ ಮಿನುಗಿ ಇತರರನ್ನು ಎಚ್ಚರಿಸುವ ಏರ್ಪಾಡಿರಬೇಕು ಎಂಬುದು ಅದರ ಸಾರ. ಅಲ್ಲಿಯವರೆಗೆ ತಯಾರಾಗಿ ರಸ್ತೆಗಿಳಿದಿದ್ದ ಹಳೆಯ ಜೀಪುಗಳ ಮಾಲೀಕರು ಮಾತ್ರ ಆಟೋ ಎಲೆಕ್ಟ್ರಿಷಿಯನ್ನರ ಅಂಗಡಿಯ ಮುಂದೆ ನಿಲ್ಲಬೇಕಾಯಿತು.

ತಂತಿಗಳ ಲೆಕ್ಕಾಚಾರ

ಎಡದ ತಂತಿಯನ್ನೂ ಬಲದ ತಂತಿಯನ್ನೂ ಸೇರಿಸಿದರೆ ಮುಗಿಯಿತಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಹಾಗೆ ಸೇರಿಸಿದರೆ ಎಡಕ್ಕೆ ತಿರುಗಲು ಇಂಡಿಕೇಟರ್ ಹಾಕಿದಾಗಲೂ ನಾಲ್ಕೂ ದೀಪಗಳು ಮಿನುಗುತ್ತವೆ! ಸಾಮಾನ್ಯ ಸಮಯದಲ್ಲಿ ಎರಡು ಬದಿಗಳೂ ಬೇರೆಯಾಗಿದ್ದು, ಗುಂಡಿ ಒತ್ತಿದಾಗ ಮಾತ್ರ ಕೂಡಬೇಕು. ಆದ್ದರಿಂದಲೇ ಅಪಾಯ ದೀಪದ ಸ್ವಿಚ್ಚಿಗೆ ಸಾಮಾನ್ಯ ಸ್ವಿಚ್ಚಿನಂತೆ ಎರಡೇ ಕಾಲುಗಳಿರದೆ ಹಲವು ಕಾಲುಗಳಿರುತ್ತವೆ.

ಎರಡನೆಯ ಮಾತು ವಿದ್ಯುತ್ತಿನ ಮೂಲದ್ದು. ಮಾಮೂಲಿ ಇಂಡಿಕೇಟರಿಗೆ ವಿದ್ಯುತ್ತು ಬರುವುದು ಇಗ್ನಿಷನ್ ಕೀಲಿಯನ್ನು ದಾಟಿಕೊಂಡು. ಕೀಲಿ ತಿರುಗಿಸಿದ್ದರೆ ಮಾತ್ರ ಅದು ಉರಿಯುತ್ತದೆ. ಕೆಟ್ಟು ನಿಂತ ವಾಹನದ ಕೀಲಿ ಚಾಲಕನ ಜೇಬಿನಲ್ಲಿರಬಹುದು. ಹಳೆಯ ಪೆಟ್ರೋಲ್ ಜೀಪಿನಲ್ಲಂತೂ ಎಂಜಿನ್ ನಿಂತಿರುವಾಗ ಇಗ್ನಿಷನ್ ಹಾಕಿಯೇ ಬಿಟ್ಟರೆ ಕಾಯಿಲ್ ಕಾದು ಸುಟ್ಟುಹೋಗುವ ಸಂಭವವಿದೆ. ಹೀಗಾಗಿ ಅಪಾಯ ದೀಪಕ್ಕೆ ಬ್ಯಾಟರಿಯಿಂದ ನೇರವಾಗಿ, ತನ್ನದೇ ಫ್ಯೂಸಿನ ಮೂಲಕ ತಂತಿ ಬರಬೇಕು.

ಮೂರನೆಯದು ‘ಟಿಕ್ ಟಿಕ್’ ಎನ್ನುವ ಫ್ಲ್ಯಾಷರ್. ಹಳೆಯ ಫ್ಲ್ಯಾಷರುಗಳು ಶಾಖದಿಂದ ಕೆಲಸ ಮಾಡುವಂಥವು. ವಿದ್ಯುತ್ತು ಹರಿದಾಗ ಒಳಗಿನ ಲೋಹದ ಪಟ್ಟಿ ಕಾದು ಬಾಗಿ ಸಂಪರ್ಕ ಕಡಿಯುತ್ತದೆ. ತಣಿದಾಗ ಮತ್ತೆ ಕೂಡುತ್ತದೆ. ಅದರ ಲಯ ಹರಿಯುವ ವಿದ್ಯುತ್ತನ್ನು ಅವಲಂಬಿಸಿರುತ್ತದೆ. ಒಂದು ಬಲ್ಬು ಸುಟ್ಟುಹೋದರೆ ಮಿನುಗುವ ಗತಿ ಬದಲಾಗುವುದು ಇದರಿಂದಲೇ. 21 ವಾಟಿನ ಎರಡು ಬಲ್ಬುಗಳಿಗೆ 12 ವೋಲ್ಟಿನಲ್ಲಿ ಮೂರೂವರೆ ಆಂಪಿಯರ್ ಬೇಕು. ನಾಲ್ಕು ಬಲ್ಬುಗಳಿಗೆ ಏಳು ಆಂಪಿಯರ್. ಎರಡಕ್ಕೆಂದು ಮಾಡಿದ ಫ್ಲ್ಯಾಷರಿಗೆ ನಾಲ್ಕರ ಹೊರೆ ಹೊರಿಸಿದರೆ ಅದು ಅವಸರವಾಗಿ ಬಡಿದುಕೊಂಡು ಬೇಗನೆ ಕೆಡುತ್ತದೆ. ಅಂತರರಾಷ್ಟ್ರೀಯ ನಿಯಮದಂತೆ ದೀಪ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಬಲ್ಬುಗಳ ಸಂಖ್ಯೆ ಎಷ್ಟೇ ಇದ್ದರೂ ಈ ಲಯ ತಪ್ಪದ ಬೇರೆ ಬಗೆಯ ಫ್ಲ್ಯಾಷರ್ ಅಪಾಯ ದೀಪಕ್ಕೆ ಬೇಕು.

ಯುದ್ಧಕಾಲದ ಜೀಪಿನದು 6 ವೋಲ್ಟಿನ ವ್ಯವಸ್ಥೆ. ವೋಲ್ಟು ಅರ್ಧವಾದರೆ ಅದೇ ಬೆಳಕಿಗೆ ಬೇಕಾದ ಆಂಪಿಯರ್ ಎರಡರಷ್ಟಾಗುತ್ತದೆ, ಅಂದರೆ ನಾಲ್ಕು ದೀಪಗಳಿಗೆ ಹದಿನಾಲ್ಕು. ಎಪ್ಪತ್ತು ಎಂಬತ್ತು ವರ್ಷ ಹಳೆಯ, ಬಟ್ಟೆ ಸುತ್ತಿದ ತಂತಿಗಳಲ್ಲಿ ಇಷ್ಟು ವಿದ್ಯುತ್ತನ್ನು ಹರಿಸುವುದು ಬೆಂಕಿಗೆ ಆಹ್ವಾನ ಕೊಟ್ಟಂತೆ. ಹೊಸ ದೀಪಗಳಿಗೆ ಹೊಸದಾದ, ದಪ್ಪ ತಂತಿಯನ್ನೇ ಎಳೆಯಬೇಕು. ತುಕ್ಕು ಹಿಡಿದ ಮಡ್‌ಗಾರ್ಡಿನ ಮೂಲಕ ಅರ್ತ್ ಸಿಗುತ್ತದೆಂದು ನಂಬದೆ ಅದಕ್ಕೂ ಬೇರೆ ತಂತಿ ಕೊಡುವುದು ಜಾಣತನ. ಹಳೆಯ ಜೀಪಿನ ದೀಪ ಮಂಕಾಗಿ ಉರಿಯುವುದಕ್ಕೆ ಅನೇಕ ವೇಳೆ ಬಲ್ಬು ಕಾರಣವಲ್ಲ, ಕೆಟ್ಟ ಅರ್ತ್ ಕಾರಣ.

ಬ್ಯಾಟರಿಯ ಮಿತಿಯನ್ನೂ ಮರೆಯುವಂತಿಲ್ಲ. ದೀಪ ಅರ್ಧ ಹೊತ್ತು ಉರಿದು ಅರ್ಧ ಹೊತ್ತು ಆರಿರುವುದರಿಂದ 12 ವೋಲ್ಟಿನ ಜೀಪಿನಲ್ಲಿ ಸರಾಸರಿ ಮೂರೂವರೆ ಆಂಪಿಯರ್ ಖರ್ಚಾಗುತ್ತದೆ. ಎಂಟು ಗಂಟೆಗಳ ಒಂದು ರಾತ್ರಿಗೆ ಇದು 28 ಆಂಪಿಯರ್-ಗಂಟೆ. 60 ಆಂಪಿಯರ್-ಗಂಟೆಯ ಒಳ್ಳೆಯ ಬ್ಯಾಟರಿಯಲ್ಲಿ ಹೆಚ್ಚುಕಡಿಮೆ ಅರ್ಧ ಖಾಲಿ. ಬ್ಯಾಟರಿ ಹಳತಾಗಿದ್ದರೆ ಬೆಳಗಾಗುವ ಮುನ್ನವೇ ದೀಪ ಸೋಲಬಹುದು. ಆದ್ದರಿಂದ ಬ್ಯಾಟರಿಯ ಹಂಗಿಲ್ಲದ ಕೆಂಪು ಪ್ರತಿಫಲಕ ತ್ರಿಕೋನವನ್ನು ವಾಹನದ ಹಿಂದೆ ದೂರದಲ್ಲಿ ಇಡುವ ಪದ್ಧತಿ ಇಂದಿಗೂ ಅಗತ್ಯವಾಗಿ ಉಳಿದಿದೆ.

ಮೂಲ ರೂಪವೋ, ಸುರಕ್ಷತೆಯೋ?

ಇಲ್ಲಿ ಹಳೆಯ ವಾಹನಗಳ ಪ್ರಿಯರನ್ನು ಕಾಡುವ ಪ್ರಶ್ನೆಯೊಂದಿದೆ. ಜೀಪನ್ನು ಇತಿಹಾಸದ ಸಾಕ್ಷಿಯೆಂದು ಜೋಪಾನ ಮಾಡುವವರು ಅದರಲ್ಲಿ ಇರದಿದ್ದ ದೀಪವನ್ನು ಅಂಟಿಸುವುದು ಸರಿಯೆ? ಮಡ್‌ಗಾರ್ಡಿಗೆ ತೂತು ಕೊರೆದು ಪ್ಲಾಸ್ಟಿಕ್ಕಿನ ದೀಪ ಸಿಕ್ಕಿಸಿದರೆ ಮೂಲದ ಲೋಹ ಮತ್ತೆ ಸಿಗದು ಎಂಬ ಅವರ ಕಳವಳದಲ್ಲಿ ಅರ್ಥವಿದೆ. ಯುದ್ಧದ ಜೀಪುಗಳ ಅನೇಕ ಭಾಗಗಳು ಈಗ ಹಣ ಕೊಟ್ಟರೂ ದೊರೆಯುವುದಿಲ್ಲ.

ಹಳೆಯ ಕಟ್ಟಡಗಳನ್ನು ಸಂರಕ್ಷಿಸುವವರು ಇಂಥದೇ ಪ್ರಶ್ನೆಯನ್ನು ಬಹಳ ಕಾಲದಿಂದ ಎದುರಿಸುತ್ತ ಬಂದಿದ್ದಾರೆ. ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2010ರ ದಶಕದ ಆರಂಭದಲ್ಲಿ ಒಪ್ಪಿಕೊಂಡ ಟ್ಯೂರಿನ್ ಸನ್ನದು ಅವರಿಂದಲೇ ಸ್ಫೂರ್ತಿ ಪಡೆದು ಒಂದು ಮಧ್ಯಮ ಮಾರ್ಗವನ್ನು ತೋರಿಸುತ್ತದೆ. ಸುರಕ್ಷತೆಗಾಗಿ ಬದಲಾವಣೆ ಅನಿವಾರ್ಯವಾದರೆ ಅದು ಮೂಲವಸ್ತುವಿಗೆ ಆದಷ್ಟು ಕಡಿಮೆ ಧಕ್ಕೆ ತರಬೇಕು, ಬೇಡವೆನಿಸಿದಾಗ ಬಿಚ್ಚಿ ತೆಗೆಯುವಂತಿರಬೇಕು, ತೆಗೆದಿಟ್ಟ ಮೂಲಭಾಗಗಳನ್ನು ಕಾಪಾಡಬೇಕು ಎನ್ನುವುದು ಅದರ ತಾತ್ಪರ್ಯ.

ಜೀಪಿನ ವಿಷಯದಲ್ಲಿ ಇದು ಅಷ್ಟೇನೂ ಕಷ್ಟವಲ್ಲ. ಸ್ಟೀರಿಂಗ್ ಕಂಬಕ್ಕೆ ಪಟ್ಟಿಯಿಂದ ಬಿಗಿಯುವ, ಇಂಡಿಕೇಟರ್ ಮತ್ತು ಅಪಾಯ ದೀಪ ಎರಡನ್ನೂ ಒಳಗೊಂಡ ಸ್ವಿಚ್ಚುಗಳು ಅಮೆರಿಕದ ಲಾರಿಗಳಿಗಾಗಿ ಹಿಂದೆಯೇ ಬಂದಿದ್ದವು. ಅದಕ್ಕೆ ಒಂದೂ ತೂತು ಬೇಕಿಲ್ಲ. ದೀಪಗಳನ್ನು ಈಗಾಗಲೇ ಇರುವ ಬೋಲ್ಟುಗಳಿಗೆ ಪಟ್ಟಿ ಕೊಟ್ಟು ನಿಲ್ಲಿಸಬಹುದು. ಹೊಸ ತಂತಿಗಳನ್ನು ಹಳೆಯ ತಂತಿಗಳ ಜೊತೆ ಬೆರೆಸದೆ ಪ್ರತ್ಯೇಕ ಕಟ್ಟಾಗಿ ಒಯ್ಯಬಹುದು. ಪ್ರದರ್ಶನಕ್ಕೆ ಹೋಗುವ ದಿನ ಬಿಚ್ಚಿಟ್ಟು, ರಸ್ತೆಗಿಳಿಯುವ ದಿನ ಮತ್ತೆ ತೊಡಿಸಬಹುದು. ಅಮೆರಿಕದಲ್ಲಿ ಹಿಂದಿನ ಇಂಡಿಕೇಟರ್ ಕೆಂಪಾಗಿಯೂ ಇರಬಹುದು, ಬ್ರೇಕ್ ದೀಪವೇ ಆ ಕೆಲಸವನ್ನೂ ಮಾಡಬಹುದು. ನಮ್ಮ ನಿಯಮಕ್ಕೆ ಬೇಕಾದದ್ದು ಕಿತ್ತಳೆ ಹಳದಿ ಬಣ್ಣ. ಹಾಗಾಗಿ ಹಿಂದೆ ಎರಡು ಪ್ರತ್ಯೇಕ ದೀಪಗಳನ್ನು ಇಡುವುದೇ ಸೂಕ್ತ.

ಕಾನೂನಿನ ಭಯವೂ ಕೆಲವರಿಗಿದೆ. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದೆನ್ನುತ್ತದೆ. ಆದರೆ ನೋಂದಣಿ ಪತ್ರದಲ್ಲಿರುವುದು ಎಂಜಿನ್, ಚಾಸಿ, ಆಸನ, ತೂಕ ಮುಂತಾದ ವಿವರಗಳು. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ 50 ವರ್ಷ ಮೀರಿದ ವಾಹನಗಳಿಗಾಗಿ ‘ವಿಂಟೇಜ್’ ನೋಂದಣಿಯ ನಿಯಮಗಳನ್ನು ಪ್ರಕಟಿಸಿದಾಗಲೂ ಚಾಸಿ, ಕವಚ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬುದಕ್ಕೆ ಒತ್ತು ಕೊಟ್ಟಿತು. ಬಿಚ್ಚಿ ತೆಗೆಯಬಹುದಾದ ನಾಲ್ಕು ದೀಪಗಳು ಆ ಬಗೆಯ ಮಾರ್ಪಾಡು ಎನಿಸಲಾರವು.

ಭಾಷೆ ಕೆಡದಿರಲಿ

ದೀಪ ಹಾಕಿಸಿದರೆ ಸಾಲದು, ಅದನ್ನು ಬಳಸುವ ರೀತಿಯೂ ಗೊತ್ತಿರಬೇಕು. ನಾಲ್ಕು ರಸ್ತೆ ಕೂಡುವಲ್ಲಿ ‘ನೇರ ಹೋಗುತ್ತೇನೆ’ ಎಂದು ತಿಳಿಸಲು ನಾಲ್ಕೂ ದೀಪ ಮಿನುಗಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಪಕ್ಕದ ರಸ್ತೆಯಿಂದ ಬರುವವನಿಗೆ ವಾಹನದ ಒಂದೇ ಬದಿ ಕಾಣುತ್ತದೆ. ಆ ಬದಿಯ ದೀಪ ಮಿನುಗುವುದನ್ನು ಕಂಡು ಅದು ತನ್ನ ಕಡೆಗೇ ತಿರುಗುತ್ತದೆಂದು ಭಾವಿಸಿ ಅವನು ಮುಂದೆ ನುಗ್ಗಿದರೆ ಡಿಕ್ಕಿ ಖಚಿತ. ನೇರ ಹೋಗುವುದಕ್ಕೆ ಯಾವ ಸನ್ನೆಯೂ ಬೇಕಿಲ್ಲ. ಮಳೆಯಲ್ಲಿ, ಮಂಜಿನಲ್ಲಿ ಮೈಲುಗಟ್ಟಲೆ ನಾಲ್ಕೂ ದೀಪ ಹಾಕಿಕೊಂಡು ಓಡುವವರದೂ ಇದೇ ಕಥೆ. ತಿರುವು ಬಂದಾಗ ಅವರ ಇಂಡಿಕೇಟರ್ ಕೆಲಸಕ್ಕೆ ಬರುವುದಿಲ್ಲ. ಚಲಿಸುವ ವಾಹನಗಳೆಲ್ಲ ಹೀಗೆ ಮಿನುಗುತ್ತಿದ್ದರೆ ಅವುಗಳ ನಡುವೆ ನಿಜವಾಗಿ ನಿಂತಿರುವುದು ಯಾವುದೆಂದು ತಿಳಿಯುವುದಾದರೂ ಹೇಗೆ?

ಯುದ್ಧದ ಜೀಪಿನ ಎರಡು ಚುಕ್ಕೆಗಳಿಗೆ ಒಂದೇ ಅರ್ಥವಿತ್ತು. ಆ ಅರ್ಥ ಸಾಲಿನಲ್ಲಿದ್ದ ಪ್ರತಿಯೊಬ್ಬ ಚಾಲಕನಿಗೂ ಗೊತ್ತಿದ್ದುದರಿಂದ ಕತ್ತಲಲ್ಲಿಯೂ ಸಾಲು ಮುರಿಯಲಿಲ್ಲ. ಇಂದಿನ ರಸ್ತೆಯ ಸಾಲು ಅದಕ್ಕಿಂತ ಬಹಳ ಉದ್ದ. ಅದರಲ್ಲಿರುವವರು ಒಬ್ಬರಿಗೊಬ್ಬರು ಪರಿಚಯವಿಲ್ಲದವರು. ಘಾಟಿಯ ತಿರುವಿನಲ್ಲಿ ನಿಂತ ಹಳೆಯ ಜೀಪಿನ ನಾಲ್ಕು ಮೂಲೆಗಳಲ್ಲಿ ದೀಪ ಮಿನುಗಿದಾಗ, ಬಸ್ಸಿನ ಚಾಲಕ ಒಂದು ಕ್ಷಣವೂ ಯೋಚಿಸದೆ ಕಾಲನ್ನು ಬ್ರೇಕಿನ ಮೇಲಿಡಬೇಕಾದರೆ, ಆ ದೀಪ ಬೇರೆಲ್ಲಿಯೂ ಬೇರೆ ಅರ್ಥದಲ್ಲಿ ಮಿನುಗಿರಬಾರದು.